ಮಂಡೆಯ ನೀರು, ನಂಜಿನ ದಾರಿ

ಅಪಘಾತವಾಗಲಿ, ಬಿ.ಪಿ. ಏರಿ ಆದ ರಕ್ತಸ್ರಾವವಾಗಲಿ, ಮಿದುಳಿನಲ್ಲಿ ನೀರು ಕಟ್ಟಿಕೊಂಡರೆ ತಲೆಬುರುಡೆಗೆ ತೂತು ಕೊರೆದು ಪೈಪು ಇಳಿಸುತ್ತಾರೆ. ಅರ್ಧ ಗಂಟೆಯ ಕೆಲಸ, ಜೀವ ಉಳಿಯುತ್ತದೆ. ಆದರೆ ನೀರು ಹೊರಬರುವ ಪೈಪಿನಲ್ಲೇ ಕ್ರಿಮಿ ಒಳಹೋಗಬಹುದು. ಓಟಿಯಲ್ಲಿ ಹಾಕಿದರೆ ಕ್ಷೇಮ, ಹಾಸಿಗೆಯಲ್ಲೇ ಹಾಕಿದರೆ ಅಪಾಯ ಎಂಬ ಮಾತು ಎಷ್ಟು ನಿಜ?

ಆಸಾಡಿ ಮಳೆ ಹೊಡೆಯುತ್ತಿರುವ ಬೆಳಗಿನ ಜಾವ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಡುಬದಿಗೆ ಕಡಲು ತಡೆಗೋಡೆಯ ಬಂಡೆಗಳಿಗೆ ಅಪ್ಪಳಿಸಿ ಉಪ್ಪುನೀರನ್ನು ರಸ್ತೆಗೇ ಎರಚುತ್ತಿದೆ. ಮೂಡುಬದಿಗೆ ಸೌಪರ್ಣಿಕಾ ಕೆಂಪುನೀರು ತುಂಬಿಕೊಂಡು ಮಗ್ಗುಲಲ್ಲೇ ಹರಿಯುತ್ತಿದೆ. ನಡುವಿನ ಡಾಂಬರು ಪಟ್ಟಿಯ ಮೇಲೆ ವೈಪರು ಬೀಸುತ್ತ, ಸೈರನ್ ಕೂಗಿಸುತ್ತ ಬೈಂದೂರು ಕಡೆಯಿಂದ ತೆಂಕಣಕ್ಕೆ ಹೊರಟಿದೆ ಆಂಬುಲೆನ್ಸು.

ಒಳಗಿರುವುದು ರಾತ್ರಿ ಬೈಕು ಸ್ಕಿಡ್ ಆಗಿ ಬಿದ್ದ ಹುಡುಗನಿರಬಹುದು. ‘ಈಗ ಹುಷಾರಿದ್ದೇನಲ್ಲ’ ಎಂದು ಬಿ.ಪಿ. ಮಾತ್ರೆ ಬಿಟ್ಟು, ಹಲ್ಲುಜ್ಜುವಾಗಲೇ ಕುಸಿದುಬಿದ್ದ ಅಪ್ಪಯ್ಯ ಇರಬಹುದು. ಕುಂದಾಪುರದಲ್ಲಿ ಸಿ.ಟಿ. ಸ್ಕ್ಯಾನ್ ಆದ ಮೇಲೆ ‘ಮುಂದೆ ತಕ್ಕೊಂಡು ಹೋಗಿ’ ಎನ್ನುತ್ತಾರೆ. ಮುಂದೆ ಎಂದರೆ ಹೆಚ್ಚಿನವರಿಗೆ ಮಣಿಪಾಲ. ಮರವಂತೆಯಿಂದ ಸುಮಾರು 55 ಕಿಲೋಮೀಟರು.

ಸಂಜೆಯೊಳಗೆ ಊರಿಗೆ ಫೋನು ಬರುತ್ತದೆ: “ಮಂಡಿ ಒಳ್ಗೆ ನೀರ್ ಕಟ್ಟಿತ್ ಅಂಬ್ರ್. ಪೈಪ್ ಹಾಕಿರ್.” ಆಚೆಯ ದನಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: “ಎಲ್ಲಿ ಹಾಕಿದ್ದ್? ಥೇಟರಂಗಾ, ಅಲ್ಲ ಬೆಡ್ಡಂಗೇಯಾ?”

ಪ್ರಶ್ನೆ ದಡ್ಡತನದ್ದೇನಲ್ಲ. ಜಗತ್ತಿನ ನರಶಸ್ತ್ರಚಿಕಿತ್ಸಕರೇ ಇದರ ಬಗ್ಗೆ ದಶಕಗಳಿಂದ ಜಗ್ಗಾಡುತ್ತಿದ್ದಾರೆ. ಈ ಮಾತೆತ್ತಲು ನೆಪವೂ ಇದೆ: ಜುಲೈ 22 ವಿಶ್ವ ಮಿದುಳು ದಿನ. 2014ರಿಂದ ನಡೆದುಬಂದ ಆಚರಣೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮರವಂತೆಯ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಕರ್ಕಾಟಕ ಅಮಾವಾಸ್ಯೆಯ ಜಾತ್ರೆ. ಹೊಸ ಮದುಮಕ್ಕಳು ಕಡಲ ಸ್ನಾನಕ್ಕೆ ಬರುತ್ತಾರೆ, ಹೆದ್ದಾರಿ ತುಂಬ ಜನ, ವಾಹನ. ಕೇರಳದ ‘ಮಿದುಳು ತಿನ್ನುವ ಅಮೀಬಾ’ ಸುದ್ದಿಯಾದ ಮೇಲೆ ನೀರಿಗಿಳಿಯಲು ಅಂಜುವವರೂ ಇದ್ದಾರೆ. ಆ ಅಮೀಬಾಕ್ಕೆ ಬೇಕಾದದ್ದು ಬೆಚ್ಚಗಿನ ಸಿಹಿನೀರು, ಕಡಲ ಉಪ್ಪುನೀರಲ್ಲಿ ಅದು ಬಾಳದು. ಅದು ತೀರಾ ಅಪರೂಪವೂ ಹೌದು. ಆಸ್ಪತ್ರೆಯ ಹಾಸಿಗೆಯಲ್ಲಿ ಮಿದುಳಿಗೆ ತಗಲುವ ನಂಜು ಅಷ್ಟು ಅಪರೂಪವಲ್ಲ, ಆದರೆ ಅದು ಸುದ್ದಿಯಾಗುವುದಿಲ್ಲ.

ನೀರು ಯಾಕೆ ಕಟ್ಟುತ್ತದೆ?

ಮಿದುಳು ತಲೆಬುರುಡೆಯೊಳಗೆ ತಿಳಿನೀರಿನಲ್ಲಿ ತೇಲಿಕೊಂಡಿರುತ್ತದೆ. ಹೊರಗೆ ತೂಗಿದರೆ 1,400 ಗ್ರಾಂ ಬರುವ ಅಂಗ ಆ ನೀರಿನಲ್ಲಿ ಸುಮಾರು 50 ಗ್ರಾಂ ಭಾರವಷ್ಟೇ. ವೈದ್ಯರು ಈ ನೀರನ್ನು ಸಿಎಸ್‌ಎಫ್ ಎನ್ನುತ್ತಾರೆ. ಮಿದುಳಿನ ಒಳಗಿರುವ ನಾಲ್ಕು ಕುಹರಗಳಲ್ಲಿ ಇದು ಹುಟ್ಟಿ, ಇಕ್ಕಟ್ಟಾದ ಕಾಲುವೆಗಳಲ್ಲಿ ಇಳಿದು, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಹರಿದು, ಕೊನೆಗೆ ರಕ್ತಕ್ಕೆ ಸೇರುತ್ತದೆ.

ಆ ಕಾಲುವೆಗಳಲ್ಲಿ ಒಂದರ ಅಗಲ ಒಂದೆರಡು ಮಿಲಿಮೀಟರು. ರಕ್ತದ ಸಣ್ಣದೊಂದು ಹೆಪ್ಪು ಅಲ್ಲಿ ಕೂತರೆ ಸಾಕು, ಕೆಳಗೆ ಹರಿವು ನಿಲ್ಲುತ್ತದೆ. ಮೇಲೆ ಉತ್ಪತ್ತಿ ಮಾತ್ರ ನಿಲ್ಲುವುದಿಲ್ಲ. ಬುರುಡೆ ಹಿಗ್ಗುವ ವಸ್ತುವಲ್ಲವಾದ್ದರಿಂದ ಒತ್ತಡವೆಲ್ಲ ಮಿದುಳಿನ ಮೇಲೆ. ತಲೆನೋವು, ವಾಂತಿ, ಮಂಪರು. ಆಮೇಲೆ ಒಂದು ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಪಾಪೆ ದೊಡ್ಡದಾಗತೊಡಗಿದ ಮೇಲೆ ಲೆಕ್ಕ ಗಂಟೆಗಳದ್ದಲ್ಲ, ನಿಮಿಷಗಳದ್ದು.

ಆಗ ಉಳಿಯುವ ದಾರಿ ಇವಿಡಿ. ಕುಹರದೊಳಕ್ಕೆ ಒಂದು ಮೆತ್ತನೆಯ ಪೈಪು ಇಳಿಸಿ, ನೀರನ್ನು ಹೊರಗಿನ ಬ್ಯಾಗಿಗೆ ಬಸಿಯುವ ವ್ಯವಸ್ಥೆ. ರಕ್ತನಾಳದ ಗುಳ್ಳೆ ಒಡೆದವರಿಗೆ, ತಲೆಗೆ ಪೆಟ್ಟುಬಿದ್ದವರಿಗೆ, ಕ್ಷಯದ ಮಿದುಳು ಜ್ವರದಲ್ಲಿ ನೀರು ಕಟ್ಟಿದವರಿಗೆ, ನೀರನ್ನು ಹೊಟ್ಟೆಗೆ ಬಸಿಯಲು ಹಾಕಿದ ಹಳೆಯ ಷಂಟ್‌ಗೆ ಸೋಂಕು ತಗಲಿದ ಮಕ್ಕಳಿಗೆ, ಎಲ್ಲರಿಗೂ ಇದೇ.

▌ಲೆಕ್ಕದಲ್ಲಿ ಮಿದುಳಿನ ನೀರು
ವಯಸ್ಕರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿ.ಲೀ. ದಿನಕ್ಕೆ ಹುಟ್ಟುವುದು ಸುಮಾರು 500 ಮಿ.ಲೀ., ಅಂದರೆ ಗಂಟೆಗೆ 20 ಮಿ.ಲೀ. ಆಸುಪಾಸು. ಮೂರು ಬಾರಿಗೂ ಹೆಚ್ಚು ಸಲ ಇಡೀ ನೀರು ದಿನಾಲೂ ಹೊಸದಾಗುತ್ತದೆ. ಬ್ಯಾಗಿನಲ್ಲಿ ಅಷ್ಟೊಂದು ನೀರು ಕಂಡು ಮನೆಯವರು ಗಾಬರಿಯಾಗುವುದುಂಟು. ಗಾಬರಿ ಬೇಡ, ಅದು ಹುಟ್ಟುತ್ತಲೇ ಇರುತ್ತದೆ.

ಹನ್ನೊಂದು ಸೆಂಟಿಮೀಟರು ಹಿಂದೆ, ಮೂರು ಸೆಂಟಿಮೀಟರು ಪಕ್ಕಕ್ಕೆ

ಹತ್ತಿರದಿಂದ ನೋಡಿದರೆ ಕೆಲಸ ಹೀಗೆ. ಕೂದಲನ್ನು ಬ್ಲೇಡಿನಿಂದ ಬೋಳಿಸುವುದಿಲ್ಲ, ಕ್ಲಿಪ್ಪರ್‌ನಿಂದ ಕತ್ತರಿಸುತ್ತಾರೆ. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಆ ಗೀರಲ್ಲಿ ಕ್ರಿಮಿ ಮನೆ ಮಾಡುತ್ತದೆ. ಶಸ್ತ್ರಚಿಕಿತ್ಸೆಗೆ ರೇಜರ್ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕಡಕ್ಕಾಗಿ ಹೇಳಿತು. ಕ್ರಿಮಿನಾಶಕ ಔಷಧ ಬಳಿದ ಮೇಲೆ ಅದು ಪೂರ್ತಿ ಆರುವವರೆಗೆ ಕಾಯಬೇಕು. ಒದ್ದೆಯಿದ್ದರೆ ಕ್ರಿಮಿ ಪೂರ್ತಿ ಸಾಯದು, ಆ ಔಷಧ ಮಿದುಳಿಗೆ ತಾಗಿದರೂ ಕೇಡು.

ಮೂಗಿನ ಬುಡದಿಂದ ನೆತ್ತಿಯ ಕಡೆಗೆ ಸುಮಾರು 11 ಸೆಂ.ಮೀ., ನಡುಗೆರೆಯಿಂದ ಬಲಕ್ಕೆ ಸುಮಾರು 3 ಸೆಂ.ಮೀ. ಅಲ್ಲಿ ಪೆನ್ನಿನಿಂದ ಒಂದು ಗುರುತು. ಬಲಗಡೆ ಯಾಕೆಂದರೆ ಮಾತಿನ ಕೇಂದ್ರ ಬಹುತೇಕರಿಗೆ ಎಡಗಡೆ ಇರುತ್ತದೆ. ಚರ್ಮ ಸೀಳಿ, ಮೂಳೆಗೆ ತೂತು ಕೊರೆದು, ಮಿದುಳಿನ ಪೊರೆ ಚುಚ್ಚಿ, ಪೈಪನ್ನು ಅದೇ ಬದಿಯ ಕಣ್ಣಿನ ಒಳಮೂಲೆಯತ್ತ ಗುರಿಯಿಟ್ಟು ಇಳಿಸುತ್ತಾರೆ. ಆರು ಸೆಂ.ಮೀ. ದಾಟುವಷ್ಟರಲ್ಲಿ ಕೈಗೆ ತಡೆ ಸಡಿಲವಾದದ್ದು ತಿಳಿಯುತ್ತದೆ. ಪೈಪಿನೊಳಗಿನ ಕಡ್ಡಿ ಹಿಂತೆಗೆದರೆ ನೀರು ಚಿಮ್ಮುತ್ತದೆ. ರಕ್ತಸ್ರಾವವಾಗಿದ್ದರೆ ಕೆಂಪು, ಇಲ್ಲದಿದ್ದರೆ ಬಾವಿನೀರಿನಷ್ಟು ತಿಳಿ.

ಇಷ್ಟಕ್ಕೆ ಮುಗಿಯಲಿಲ್ಲ. ತೂತಿನ ಬಾಯಲ್ಲೇ ಪೈಪನ್ನು ಹೊರತೆಗೆದರೆ ಚರ್ಮದ ಕ್ರಿಮಿಗೆ ಮಿದುಳು ಕೂಗಳತೆ. ಅದಕ್ಕೇ ಪೈಪನ್ನು ನೆತ್ತಿಯ ಚರ್ಮದ ಅಡಿಯಲ್ಲಿ ನಾಲ್ಕೈದು ಸೆಂ.ಮೀ. ದೂರ ಎಳೆದು, ಬೇರೆ ತೂತಿನಿಂದ ಹೊರತಂದು ಹೊಲಿಯುತ್ತಾರೆ. ಇದಕ್ಕೆ ಟನೆಲ್ ಎನ್ನುತ್ತಾರೆ. ಅಮೆರಿಕದ ಫ್ರೀಡ್‌ಮನ್ ಮತ್ತು ವ್ರೀಸ್ 1980ರಲ್ಲಿ ಹೀಗೆ ಸುರಂಗ ಮಾಡಿ ಹಾಕಿದ 100 ಪೈಪುಗಳ ಲೆಕ್ಕ ಕೊಟ್ಟರು. ಒಂದಕ್ಕೂ ಸೋಂಕಿರಲಿಲ್ಲ. ಅಂಥ ಸೊನ್ನೆ ಆಮೇಲೆ ಎಲ್ಲರಿಗೂ ದಕ್ಕಲಿಲ್ಲ, ಸುರಂಗ ಮಾತ್ರ ಜಗತ್ತಿನಾದ್ಯಂತ ಉಳಿಯಿತು.

▌ಗುರುತಿನ ಹಿಂದಿನ ಹೆಸರು
ತೂತು ಕೊರೆಯುವ ಜಾಗಕ್ಕೆ ‘ಕೋಚರ್ ಬಿಂದು’ ಎಂದು ಹೆಸರು. ಸ್ವಿಸ್ ಸರ್ಜನ್ ಥಿಯೋಡರ್ ಕೋಚರ್ ಅವರಿಗೆ 1909ರಲ್ಲಿ ನೊಬೆಲ್ ಬಂತು, ಅದೂ ಮಿದುಳಿಗಲ್ಲ, ಥೈರಾಯ್ಡ್ ಕೆಲಸಕ್ಕೆ. ಕೆಲಸ ಮಾತ್ರ ಹೆಸರಿಗಿಂತ ಹಳೆಯದು: ಫ್ರಾನ್ಸಿನ ರೂವೆನ್ ನಗರದಲ್ಲಿ ಕ್ಲಾಡ್ ನಿಕೋಲಾ ಲೆ ಕಾ 1744ರಲ್ಲೇ ತಲೆಯಲ್ಲಿ ನೀರು ತುಂಬಿದ ಕೂಸಿನ ಕುಹರಕ್ಕೆ ಚುಚ್ಚಿ ನೀರು ತೆಗೆದಿದ್ದರು. ಕೈ, ಕತ್ತಿ ಶುದ್ಧವಾಗಿರಬೇಕೆಂಬ ತಿಳಿವು ವೈದ್ಯಲೋಕಕ್ಕೆ ಬರಲು ಇನ್ನೂ ನೂರು ವರ್ಷ ಬೇಕಿತ್ತು.

ಯಾವ ಕೋಣೆ?

ಈಗ ಊರಿನವರ ಪ್ರಶ್ನೆಗೆ ಬರೋಣ. ಈ ಪೈಪನ್ನು ಹಾಕುವ ಜಾಗ ಮೂರು: ಆಪರೇಶನ್ ಥಿಯೇಟರು, ಐಸಿಯು ಹಾಸಿಗೆ, ಕೈಮೀರುವಂತಿದ್ದರೆ ಕ್ಯಾಜುವಾಲ್ಟಿಯ ಟ್ರಾಲಿ.

ಅಮೆರಿಕದಲ್ಲಿ ಬಹುಪಾಲು ಐಸಿಯು ಹಾಸಿಗೆಯಲ್ಲೇ ಹಾಕುತ್ತಾರೆ, ಹಾಕುವವರು ಹೆಚ್ಚಾಗಿ ತರಬೇತಿಯಲ್ಲಿರುವ ಕಿರಿಯ ವೈದ್ಯರು. ಬ್ರಿಟನ್ನಿನಲ್ಲಿ ಥಿಯೇಟರಿಗೆ ಒಯ್ಯುವುದು ರೂಢಿ. ನಮ್ಮಲ್ಲೂ ಥಿಯೇಟರೇ ಹೆಚ್ಚು. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಎಷ್ಟೋ ಐಸಿಯುಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ಪರದೆಯ ಅಂತರ. ಪಕ್ಕದವರಿಗೆ ಕಫ ತೆಗೆಯುವ ಸಕ್ಷನ್ ನಡೆಯುತ್ತಿರುತ್ತದೆ, ಆಚೆಯವರ ಬೆಡ್‌ಶೀಟು ಬದಲಾಗುತ್ತಿರುತ್ತದೆ, ಎಕ್ಸ್‌ರೇ ಯಂತ್ರ ತಳ್ಳಿಕೊಂಡು ಯಾರೋ ಬರುತ್ತಾರೆ. ಥಿಯೇಟರಿನಲ್ಲಾದರೆ ಗಾಳಿ ಸೋಸಿ ಬರುತ್ತದೆ. ಗಂಟೆಗೆ ಕನಿಷ್ಠ 20 ಬಾರಿ ಗಾಳಿ ಬದಲಾಗಬೇಕೆಂದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ನಿಯಮವಿದೆ. ವರ್ಷಕ್ಕೆ 4,000 ಮಿ.ಮೀ. ದಾಟಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಆ ಗಾಳಿಯ ತೇವ ಹಿಡಿತದಲ್ಲಿಡುವುದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಪ್ರತ್ಯೇಕ ಉದ್ಯೋಗ.

ಹಾಗಾದರೆ ಥಿಯೇಟರೇ ಗೆದ್ದಿತು ಅನಿಸುತ್ತದೆ. ಅಂಕಿಅಂಶ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಹಾಸಿಗೆಯಲ್ಲಿ ಹಾಕಿದವರಿಗೆ ಸೋಂಕು ಹೆಚ್ಚು ಎಂದ ಅಧ್ಯಯನಗಳಿವೆ. ವ್ಯತ್ಯಾಸವೇ ಇಲ್ಲ ಎಂದ ಅಧ್ಯಯನಗಳೂ ಇವೆ. ಗೊಂದಲಕ್ಕೆ ಎರಡು ಕಾರಣ.

ಒಂದು, ಹಾಸಿಗೆಯಲ್ಲೇ ಹಾಕಿಸಿಕೊಳ್ಳುವವರು ಯಾರು? ಥಿಯೇಟರಿಗೆ ಒಯ್ಯುವಷ್ಟು ವ್ಯವಧಾನವಿಲ್ಲದವರು. ಕುಹರದಲ್ಲಿ ರಕ್ತ ತುಂಬಿಕೊಂಡವರು, ವೆಂಟಿಲೇಟರಿನಲ್ಲಿರುವವರು, ಆಗಲೇ ನ್ಯುಮೋನಿಯಾ ಹಿಡಿದವರು. ಇವರಿಗೆ ಯಾವ ಕೋಣೆಯಲ್ಲಿ ಹಾಕಿದ್ದರೂ ಸೋಂಕಿನ ಸಂಭವ ಹೆಚ್ಚೇ. ಕೋಣೆಯ ತಪ್ಪೆಷ್ಟು, ಕಾಯಿಲೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಎರಡು, ಸೋಂಕು ಎಂದು ಯಾವುದನ್ನು ಕರೆಯಬೇಕೆಂಬುದರಲ್ಲೇ ಒಮ್ಮತವಿಲ್ಲ. ಪೈಪಿನ ನೀರಿನಲ್ಲಿ ಒಮ್ಮೆ ಕ್ರಿಮಿ ಬೆಳೆದರೆ ಸಾಕೇ? ಜ್ವರ ಬರಬೇಕೇ? ಬಿಳಿ ಕಣ ಹೆಚ್ಚಿರಬೇಕೇ? ಕುಹರದೊಳಗೆ ರಕ್ತವಿದ್ದರೆ ಬಿಳಿ ಕಣ ಹೇಗೂ ಹೆಚ್ಚಿರುತ್ತದೆ. ಪ್ರಜ್ಞೆಯಿಲ್ಲದವರು ತಲೆ ನೋಯುತ್ತಿದೆ ಎನ್ನುವುದಿಲ್ಲ. ಒಬ್ಬೊಬ್ಬರ ಅಳತೆಗೋಲು ಒಂದೊಂದಾದ್ದರಿಂದ ಪ್ರಕಟವಾದ ಲೆಕ್ಕಗಳು ಸೊನ್ನೆಯಿಂದ ಶೇ 20 ದಾಟುವವರೆಗೆ ಓಡಾಡುತ್ತವೆ. 2002ರಲ್ಲಿ ಲೋಜಿಯರ್ ಮತ್ತಿತರರು ಹಳೆಯ ವರದಿಗಳನ್ನೆಲ್ಲ ಜಾಲಾಡಿದಾಗ ಸರಾಸರಿ ಶೇ 8ರ ಆಸುಪಾಸಿಗೆ ಬಂದು ನಿಂತಿತು.

ಇನ್ನೊಂದು ಮಾತು ಯಾರೂ ಎತ್ತುವುದಿಲ್ಲ. ಥಿಯೇಟರಿಗೆ ಒಯ್ಯುವುದು ಪುಕ್ಕಟೆಯಲ್ಲ. ವೆಂಟಿಲೇಟರು, ನಾಲ್ಕಾರು ಔಷಧದ ಪಂಪು ಸಮೇತ ರೋಗಿಯನ್ನು ಟ್ರಾಲಿಗೆ ಎತ್ತಿ, ಲಿಫ್ಟಿಗೆ ಕಾದು, ಕಾರಿಡಾರು ದಾಟುವಷ್ಟರಲ್ಲಿ ಮಿದುಳಿನ ಒತ್ತಡ ಇನ್ನೂ ಏರಬಹುದು. ಪಾಪೆ ದೊಡ್ಡದಾದವರನ್ನು ಥಿಯೇಟರು ಖಾಲಿಯಾಗುವವರೆಗೆ ಕಾಯಿಸಿದರೆ ಸೋಂಕಿನ ಮಾತೇ ಏಳದು, ಸೋಂಕಾಗಲು ಮನುಷ್ಯ ಉಳಿದಿರಬೇಕಲ್ಲ.

ನನಗನಿಸುವುದು ಇಷ್ಟು: ಕೋಣೆಗಿಂತ ಕೋಣೆಯೊಳಗಿನ ಶಿಸ್ತು ದೊಡ್ಡದು. ಹಾಸಿಗೆಯಲ್ಲೇ ಮಾಡಿದರೂ ಟೋಪಿ, ಮಾಸ್ಕು, ಗೌನು, ತಲೆಯಿಂದ ಕಾಲಿನವರೆಗೆ ಹಸಿರು ಬಟ್ಟೆ, ಫ್ಯಾನು ಬಂದ್, ಕೆಲಸವಿಲ್ಲದವರು ಹೊರಗೆ. ಇದಿಷ್ಟು ಪಾಲಿಸಿದ ಘಟಕಗಳಲ್ಲಿ ಹಾಸಿಗೆಗೂ ಥಿಯೇಟರಿಗೂ ಅಂತರ ಕರಗುತ್ತದೆ. ದೊಡ್ಡ ರಕ್ತನಾಳಕ್ಕೆ ಹಾಕುವ ಪೈಪಿನ, ಅಂದರೆ ಸೆಂಟ್ರಲ್ ಲೈನಿನ ವಿಷಯದಲ್ಲಿ ಇದು ಹಿಂದೆಯೇ ಸಾಬೀತಾಗಿತ್ತು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದು ಅಂಶಗಳ ಚೆಕ್‌ಲಿಸ್ಟ್ ಒಂದನ್ನು ಹಟಹಿಡಿದು ಪಾಲಿಸಿದಾಗ ರಕ್ತದ ಸೋಂಕು ಶೇ 66ರಷ್ಟು ಇಳಿಯಿತು. 2006ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹೊಸ ಔಷಧವಾಗಲಿ ಹೊಸ ಕಟ್ಟಡವಾಗಲಿ ಇರಲಿಲ್ಲ.

ಐದನೇ ದಿನದ ಕತೆ

ಪೈಪು ಹಾಕಿದ ದಿನಕ್ಕಿಂತ ಆಮೇಲಿನ ದಿನಗಳೇ ಮುಖ್ಯವೆಂದು ಮೊದಲು ಕಣ್ಣಿಗೆ ಹೊಡೆದಂತೆ ತೋರಿಸಿದ್ದು 1984ರ ಒಂದು ಅಧ್ಯಯನ. ಗ್ಲೆನ್ ಮೇಹಾಲ್ ಮತ್ತು ಸಂಗಡಿಗರು 172 ರೋಗಿಗಳನ್ನು ಹಿಂಬಾಲಿಸಿ ನೋಡಿದರು. ಐದು ದಿನ ದಾಟಿದ ಮೇಲೆ ಸೋಂಕು ಏರುತ್ತಿತ್ತು. ಸರಿ, ಹಾಗಾದರೆ ಐದನೇ ದಿನ ಹಳೆಯದು ತೆಗೆದು ಹೊಸದು ಹಾಕಿ ಎಂದರು. ಎಷ್ಟೋ ಆಸ್ಪತ್ರೆಗಳಲ್ಲಿ ಅದೇ ಕಾನೂನಾಯಿತು.

ತರ್ಕ ಚೆನ್ನಾಗಿತ್ತು. ತೊಂದರೆಯೆಂದರೆ ಹೊಸ ಪೈಪು ಹಾಕುವುದೂ ಒಂದು ಶಸ್ತ್ರಚಿಕಿತ್ಸೆಯೇ. ಮತ್ತೊಂದು ತೂತು, ಮತ್ತೊಂದು ಸಲ ಮಿದುಳಿನ ಮೂಲಕ ಹಾದುಹೋಗುವ ಕಡ್ಡಿ. 1996ರಲ್ಲಿ ಹಾಲೋವೇ ತಂಡ 584 ರೋಗಿಗಳ ದಾಖಲೆ ಬಿಡಿಸಿ ನೋಡಿದಾಗ ಬದಲಿಸಿದ್ದರಿಂದ ಲಾಭ ಕಾಣಲಿಲ್ಲ. 2002ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಪಂಗಡ ಮಾಡಿ ಪರೀಕ್ಷಿಸಿದರು. ಆಗಲೂ ಉತ್ತರ ಅದೇ. ವಾಡಿಕೆಯಾಗಿ ಪೈಪು ಬದಲಿಸುವುದನ್ನು ಈಗಿನ ಮಾರ್ಗಸೂಚಿಗಳು ಬೇಡವೆನ್ನುತ್ತವೆ. ಹನ್ನೆರಡು ವರ್ಷ ಒಳ್ಳೆಯ ಉದ್ದೇಶದಿಂದಲೇ ಎಷ್ಟು ತಲೆಗಳಿಗೆ ಎರಡನೇ ತೂತು ಬಿದ್ದಿರಬಹುದು!

ಮೇಹಾಲ್ ಕಂಡುಕೊಂಡ ಇನ್ನೊಂದು ಸಂಗತಿ ಮಾತ್ರ ಈವರೆಗೆ ಅಲುಗಿಲ್ಲ. ಪೈಪನ್ನು ಬಿಚ್ಚಿ ತೊಳೆದವರಿಗೆ, ಅಂದರೆ ಕಟ್ಟಿಕೊಂಡಿತೆಂದು ಸಲೈನ್ ಹಾಕಿ ಫ್ಲಶ್ ಮಾಡಿದವರಿಗೆ ಸೋಂಕು ಹೆಚ್ಚು.

ಬಿಳಿ ತಿರುಗಣಿ

ಪೈಪಿಗೂ ಬ್ಯಾಗಿಗೂ ನಡುವೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ತಿರುಗಣಿ ಇರುತ್ತದೆ. ಸಿಸ್ಟರುಗಳ ಬಾಯಲ್ಲಿ ‘ತ್ರೀ-ವೇ’. ಅದರ ಪಕ್ಕದ ಮೂತಿಗೆ ಒಂದು ಮುಚ್ಚಳ. ಪರೀಕ್ಷೆಗೆ ನೀರು ಬೇಕಾದರೆ ಆ ಮುಚ್ಚಳ ತೆಗೆಯಬೇಕು, ಫ್ಲಶ್ ಮಾಡಲು ತೆಗೆಯಬೇಕು, ಔಷಧ ಹಾಕಲೂ ತೆಗೆಯಬೇಕು. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಕೈಯಲ್ಲಿ ಮೂರು ನಾಲ್ಕು ಹಾಸಿಗೆ ಇದ್ದರೆ, ಪಕ್ಕದ ಹಾಸಿಗೆಯ ಸಕ್ಷನ್ ಮುಗಿಸಿ ಈ ಮುಚ್ಚಳಕ್ಕೆ ಬರುವ ನಡುವೆ ಕೈ ತೊಳೆದರೇ, ಗ್ಲೌಸ್ ಬದಲಿಸಿದರೇ, ಮೂತಿಯನ್ನು ಔಷಧದಲ್ಲಿ ಉಜ್ಜಿ ಒಣಗಲು ಬಿಟ್ಟರೇ ಎಂಬುದರಲ್ಲಿ ರೋಗಿಯ ಹಣೆಬರಹ ಅರ್ಧ ಬರೆದಾಗಿರುತ್ತದೆ. ಬೈದು ಪ್ರಯೋಜನವಿಲ್ಲ. ಒಬ್ಬರಿಗೆ ಎರಡೇ ಹಾಸಿಗೆ ಕೊಟ್ಟರೆ ಅದೇ ಸಿಸ್ಟರ್ ಅದನ್ನೆಲ್ಲ ತಪ್ಪದೆ ಮಾಡುತ್ತಾರೆ.

ಒಂದು ಕಾಲದಲ್ಲಿ ಸೋಂಕನ್ನು ಬೇಗ ಹಿಡಿಯಬೇಕೆಂದು ದಿನಾಲೂ ನೀರು ತೆಗೆದು ಲ್ಯಾಬಿಗೆ ಕಳಿಸುತ್ತಿದ್ದರು. ಹಾಗೆ ದಿನಾ ತೆರೆಯುವುದೇ ಸೋಂಕಿಗೆ ಬಾಗಿಲು ಎಂದು ಗೊತ್ತಾದ ಮೇಲೆ ಅನುಮಾನ ಬಂದಾಗ ಮಾತ್ರ ತೆಗೆಯುವ ಪದ್ಧತಿ ಬಂತು.

ಬ್ಯಾಗಿನ ಎತ್ತರದ ಲೆಕ್ಕವೂ ಇದೆ. ಬಾವಿಕಟ್ಟೆಯಿಂದ ತೋಟಕ್ಕೆ ಪೈಪು ಇಳಿಬಿಟ್ಟು ಬಾಯಲ್ಲಿ ಎಳೆದು ನೀರು ಹರಿಸಿದವರಿಗೆ ಇದು ಹೇಳಿಕೊಡಬೇಕಿಲ್ಲ: ಪೈಪಿನ ಕೊನೆ ತಗ್ಗಿದಷ್ಟೂ ನೀರು ಜೋರು. ಕಿವಿಯ ಮುಂದಿನ ಪುಟ್ಟ ಗುಬುಟಿನ ಮಟ್ಟವನ್ನು ಸೊನ್ನೆಯೆಂದು ಹಿಡಿದು, ಬಸಿಯುವ ಪಾತ್ರೆಯನ್ನು ವೈದ್ಯರು ಹೇಳಿದಷ್ಟು ಸೆಂ.ಮೀ. ಮೇಲೆ ನೇತುಹಾಕುತ್ತಾರೆ. ರೋಗಿಯ ಹಾಸಿಗೆ ಏರಿಸಿದರೆ ಈ ಲೆಕ್ಕ ತಪ್ಪುತ್ತದೆ. ನೀರು ಭರ್ರೆಂದು ಹರಿದುಹೋಗಿ ಮಿದುಳು ಕುಸಿಯಬಹುದು, ಮತ್ತೆ ರಕ್ತಸ್ರಾವವಾಗಬಹುದು. ತುಂಬಿದ ಬ್ಯಾಗು ಎತ್ತಿ ಹಾಸಿಗೆ ಮೇಲಿಟ್ಟರೆ ಹೊರಗಿನ ನೀರು ಹಿಂದಕ್ಕೆ ತಲೆಗೇ ಹೋಗಬಹುದು.

▌ಜೊತೆಗಿರುವವರಿಗೆ
ಅಜ್ಜನಿಗೆ ಅನ್ನ ಉಣ್ಣಿಸಲೆಂದು ಹಾಸಿಗೆ ತಿರುಪು ತಿರುಗಿಸುವ ಮುಂಚೆ ಸಿಸ್ಟರಿಗೆ ಒಂದು ಮಾತು ಹೇಳಿ, ಅವರು ಬಂದು ಪೈಪು ಬಂದ್ ಮಾಡಿ ಮತ್ತೆ ಮಟ್ಟ ಸರಿಮಾಡುತ್ತಾರೆ. ಬ್ಯಾಗನ್ನು ಮುಟ್ಟಬೇಡಿ, ಎತ್ತಬೇಡಿ. ತಲೆಯ ಪಟ್ಟಿ ಅಥವಾ ದಿಂಬು ಒದ್ದೆ ಕಂಡರೆ ಬೆವರೆಂದು ಸುಮ್ಮನಿರಬೇಡಿ, ಪೈಪಿನ ಪಕ್ಕದಿಂದ ನೀರು ಜಿನುಗುವುದು ಸೋಂಕಿನ ದೊಡ್ಡ ಕಾರಣಗಳಲ್ಲಿ ಒಂದು. ತಿಳಿಯಾಗಿದ್ದ ನೀರು ಕದಡಿದರೆ, ಹರಿವು ದಿಢೀರ್ ನಿಂತರೆ ತಕ್ಷಣ ತಿಳಿಸಿ. ದೇವಸ್ಥಾನದ ಗಂಧ, ಪ್ರಸಾದದ ಹೂವು ಹಣೆಗೆ ಹಚ್ಚುವುದು ಡಿಸ್ಚಾರ್ಜ್ ಆದ ಮೇಲಿರಲಿ.

ನಮ್ಮ ಕ್ರಿಮಿಗಳೇ ಬೇರೆ

ಪಾಶ್ಚಾತ್ಯ ಪುಸ್ತಕಗಳಲ್ಲಿ ಇವಿಡಿ ಸೋಂಕಿನ ಮುಖ್ಯ ಆರೋಪಿ ಚರ್ಮದ ಮೇಲೆ ಸಾಧುವಾಗಿ ಬದುಕುವ ಸ್ಟೆಫೈಲೊಕಾಕಸ್. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್. ಇವು ರೋಗಿಯ ಚರ್ಮದಿಂದಲ್ಲ, ಹೆಚ್ಚಾಗಿ ಐಸಿಯುವಿನಿಂದ ಬಂದವು. ಅಸಿನೆಟೊಬ್ಯಾಕ್ಟರ್ ಒಣಗಿದ ಮೇಲ್ಮೈಗಳ ಮೇಲೆ ವಾರಗಟ್ಟಲೆ ಬದುಕಿರಬಲ್ಲದು. ಮಂಚದ ಸರಳು, ಮಾನಿಟರಿನ ಗುಂಡಿ, ಯಾರದೋ ಮೊಬೈಲು, ಯಾವುದಾದರೂ ಆದೀತು.

ಐಸಿಯು ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಬಹುಪಾಲು ನಮ್ಮ ಬಲವಾದ ಆಂಟಿಬಯಾಟಿಕ್‌ಗಳಾದ ಕಾರ್ಬಪೆನೆಮ್‌ಗಳಿಗೂ ಬಗ್ಗುವುದಿಲ್ಲವೆಂದು ಐಸಿಎಂಆರ್‌ನ ನಿಗಾ ಜಾಲ ವರ್ಷ ವರ್ಷವೂ ಹೇಳುತ್ತಿದೆ. ಆಗ ಕೈಗೆತ್ತಿಕೊಳ್ಳುವುದು ಕೊಲಿಸ್ಟಿನ್. ಮೂತ್ರಪಿಂಡಕ್ಕೆ ಕೇಡೆಂದು 1970ರ ದಶಕದ ಹೊತ್ತಿಗೆ ಮೂಲೆಗೆ ಸರಿಸಿದ್ದ ಹಳೆಯ ಔಷಧ. ರಕ್ತಕ್ಕೆ ಕೊಟ್ಟದ್ದು ಮಿದುಳಿನ ನೀರಿಗೆ ಸಾಕಷ್ಟು ದಾಟುವುದಿಲ್ಲ. ಹಾಗಾಗಿ ಅದೇ ಪೈಪಿನ ಮೂಲಕ ನೇರ ಕುಹರಕ್ಕೆ ಹಾಕಿ, ಹೊರಹರಿಯದಂತೆ ಸ್ವಲ್ಪ ಹೊತ್ತು ಪೈಪು ಬಂದ್ ಮಾಡುತ್ತಾರೆ. ಅಲ್ಲಿಗೆ ಆ ಬಿಳಿ ತಿರುಗಣಿಯ ಮುಚ್ಚಳ ದಿನಾಲೂ ತೆರೆಯಲೇಬೇಕಾಗುತ್ತದೆ. ತೆರೆದದ್ದರಿಂದ ಬಂದ ಸೋಂಕಿಗೆ ಮದ್ದು ಹಾಕಲು ಮತ್ತೆ ತೆರೆಯಬೇಕು!

ಆಂಟಿಬಯಾಟಿಕ್ ಅದ್ದಿದ ಪೈಪುಗಳು ಬಂದಿವೆ. ಆರು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ 288 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸಾದಾ ಪೈಪಿನವರಲ್ಲಿ ಶೇ 9.4 ಸೋಂಕು, ಔಷಧದ ಪೈಪಿನವರಲ್ಲಿ ಶೇ 1.3 ಎಂದು 2003ರಲ್ಲಿ ಝಬ್ರಾಮ್ಸ್ಕಿ ತಂಡ ವರದಿ ಮಾಡಿತು. ಕೇಳಲು ಸೊಗಸು. ಆದರೆ ಅವುಗಳಲ್ಲಿರುವ ರಿಫಾಂಪಿಸಿನ್, ಮಿನೊಸೈಕ್ಲಿನ್‌ಗಳ ಗುರಿ ಮುಖ್ಯವಾಗಿ ಚರ್ಮದ ಕ್ರಿಮಿ. ನಮ್ಮ ಐಸಿಯುವಿನ ಅಸಿನೆಟೊಬ್ಯಾಕ್ಟರ್ ಮುಂದೆ ಅಷ್ಟೇ ಫಲ ಕೊಡುತ್ತವೆಂದು ನಂಬಲು ಕಾರಣವಿಲ್ಲ, ಬೆಲೆಯಂತೂ ಸಾದಾ ಪೈಪಿನ ಹಲವು ಪಟ್ಟು. ಇನ್ನೊಂದು ತುದಿಯಲ್ಲಿ, ಸಾದಾ ಇವಿಡಿ ಸೆಟ್ಟಿಗೂ ದುಡ್ಡಿಲ್ಲದ ಕಡೆ ಕೂಸುಗಳಿಗೆ ಹಾಲು ಕುಡಿಸುವ ಫೀಡಿಂಗ್ ಟ್ಯೂಬನ್ನೇ ಇಳಿಸಿ ಡ್ರಿಪ್ ಸೆಟ್ಟಿಗೆ ಜೋಡಿಸಿ ಜೀವ ಉಳಿಸುವ ನರಶಸ್ತ್ರಚಿಕಿತ್ಸಕರೂ ನಮ್ಮ ದೇಶದಲ್ಲಿದ್ದಾರೆ. ಅವರ ಕೈಗೆ ಉದ್ದನೆಯ ಸುರಂಗ ಮತ್ತು ಸಾಬೂನೇ ದಿಕ್ಕು.

ದೂರದ ಬೆಲೆ

ಭಾರತದಲ್ಲಿ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಶುರುವಾದದ್ದು 1949ರಲ್ಲಿ, ವೆಲ್ಲೂರಿನಲ್ಲಿ, ಡಾ. ಜೇಕಬ್ ಚಾಂಡಿ ಅವರಿಂದ. ಕರ್ನಾಟಕದಲ್ಲಿ ಈ ಶಾಖೆಗೆ ತಳ ಹಾಕಿದ ಡಾ. ಆರ್.ಎಂ. ವರ್ಮ ಮುಂದೆ ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕರಾದರು. 1974ರಲ್ಲಿ ರೂಪುಗೊಂಡ ಆ ಸಂಸ್ಥೆಯಲ್ಲಿ ಈಗ ನರಮಂಡಲದ ಸೋಂಕುಗಳಿಗೆಂದೇ ಪ್ರತ್ಯೇಕ ಸೂಕ್ಷ್ಮಜೀವಿ ವಿಭಾಗವಿದೆ. ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟದೇ ಇದ್ದಿದ್ದರೆ ಮರವಂತೆಯವರು ತಲೆಗೆ ಪೆಟ್ಟು ಬಿದ್ದವರನ್ನು ಇನ್ನೂ ಎಷ್ಟು ದೂರ ಹೊರಬೇಕಿತ್ತೋ.

ಆದರೂ 55 ಕಿಲೋಮೀಟರು ಕಡಿಮೆಯಲ್ಲ. ಬೈಂದೂರಿನಾಚೆಯವರಿಗೆ ಇನ್ನೂ ಜಾಸ್ತಿ. ಅಷ್ಟು ದಾರಿ ಸವೆಸಿ ಬಂದವರಿಗೆ ಯಾವ ಕೋಣೆಯಲ್ಲಿ ಪೈಪು ಹಾಕಬೇಕೆಂಬುದನ್ನು ಎಷ್ಟೋ ಸಲ ರಸ್ತೆಯೇ ತೀರ್ಮಾನಿಸಿಬಿಟ್ಟಿರುತ್ತದೆ. ತಲೆನೋವು, ವಾಂತಿ ಶುರುವಾದಾಗಲೇ ಹೊರಟವರಿಗೆ ಥಿಯೇಟರು ಸಿದ್ಧಮಾಡಿಕೊಳ್ಳಲು ಸಮಯ ಸಿಗುತ್ತದೆ. ‘ಪಿತ್ತ ಆಗಿರ್ಬೇಕ್, ಬೆಳಿಗ್ಗೆ ನೋಡುವ’ ಎಂದು ಶುಂಠಿ ಕಷಾಯ ಕುಡಿಸಿ ಮಲಗಿಸಿದವರಿಗೆ ಕ್ಯಾಜುವಾಲ್ಟಿಯ ಟ್ರಾಲಿಯೇ ಗತಿ.

ಆಸ್ಪತ್ರೆಗಳ ಕಡೆಗೂ ಒಂದು ಮಾತಿದೆ. ಮಾನ್ಯತೆ ಪಡೆದ ಆಸ್ಪತ್ರೆಗಳು ವಾಡಿಕೆಯಾಗಿ ಲೆಕ್ಕ ಇಡುವ ಸೋಂಕು ನಾಲ್ಕು: ಮೂತ್ರದ ಪೈಪಿನದು, ವೆಂಟಿಲೇಟರಿನದು, ಸೆಂಟ್ರಲ್ ಲೈನಿನದು, ಶಸ್ತ್ರಚಿಕಿತ್ಸೆಯ ಗಾಯದ್ದು. ತಲೆಯ ಪೈಪಿಗೆ ಆ ಪಟ್ಟಿಯಲ್ಲಿ ಸ್ವಂತ ಕಲಮಿಲ್ಲ. ಲೆಕ್ಕ ಇಡುವುದೇನೂ ಕಷ್ಟವಲ್ಲ. ವರ್ಷಕ್ಕೆ 40 ಮಂದಿಗೆ ತಲಾ 8 ದಿನ ಪೈಪಿತ್ತೆಂದರೆ 320 ಪೈಪು-ದಿನ. ಅದರಲ್ಲಿ ಮೂವರಿಗೆ ಸೋಂಕಾದರೆ ಸಾವಿರ ದಿನಕ್ಕೆ ಒಂಬತ್ತು ಚಿಲ್ಲರೆ. ಈ ಸಂಖ್ಯೆಯನ್ನು ಓಟಿ, ಐಸಿಯು, ಕ್ಯಾಜುವಾಲ್ಟಿ ಎಂದು ಮೂರು ಸಾಲಿನಲ್ಲಿ ಬರೆದಿಟ್ಟರೆ ಆಯಾ ಆಸ್ಪತ್ರೆಯ ಮಟ್ಟಿಗಾದರೂ ಊರಿನವರ ಪ್ರಶ್ನೆಗೆ ಉತ್ತರ ಸಿಕ್ಕೀತು. ಪರದೇಶದ ಸರಾಸರಿ ನಮ್ಮ ವಾರ್ಡಿನ ಕತೆ ಹೇಳುವುದಿಲ್ಲ.

ಮನೆಯವರು ಫೋನಿನಲ್ಲಿ ಕೇಳುವ ಪ್ರಶ್ನೆಯೂ ಸ್ವಲ್ಪ ಬದಲಾದರೆ ಚೆನ್ನ. ಎಲ್ಲಿ ಹಾಕಿದರು ಎಂಬುದು ಆಗಿಹೋದ ಸಂಗತಿ. ಯಾವಾಗ ತೆಗೆಯುತ್ತಾರೆ ಎಂದು ದಿನಾಲೂ ಕೇಳಿದರೆ ಡಾಕ್ಟರು ಬೇಸರಪಟ್ಟುಕೊಳ್ಳಲಿಕ್ಕಿಲ್ಲ. ಒಂದು ದಿನ ಮುಂಚೆ ತೆಗೆದರೂ ಅಪಾಯ ಅಷ್ಟು ಕಡಿಮೆ.

ತೆಗೆಯುವುದಕ್ಕೂ ಕ್ರಮವಿದೆ. ಬಸಿಯುವ ಪಾತ್ರೆಯನ್ನು ಹಂತಹಂತವಾಗಿ ಮೇಲೇರಿಸುತ್ತಾರೆ, ಇಲ್ಲವೇ ಪೈಪನ್ನು ಒಂದೇ ಸಲ ಬಂದ್ ಮಾಡಿ ಒಂದು ದಿನ ಕಾಯುತ್ತಾರೆ. ತಲೆನೋವು, ಮಂಪರು ಮರಳದಿದ್ದರೆ, ಸ್ಕ್ಯಾನಿನಲ್ಲಿ ಕುಹರ ಹಿಗ್ಗದಿದ್ದರೆ ಮಿದುಳು ತನ್ನ ನೀರನ್ನು ತಾನೇ ನಿಭಾಯಿಸಿಕೊಳ್ಳುತ್ತಿದೆ ಎಂದು ಅರ್ಥ. ನಿಭಾಯಿಸದಿದ್ದರೆ ತಲೆಯಿಂದ ಹೊಟ್ಟೆಗೆ ಚರ್ಮದೊಳಗೇ ಷಂಟ್. ನಡುವೆ ಸೋಂಕು ಹೊಕ್ಕಿದ್ದರೆ ಆ ಷಂಟ್‌ಗೂ ವಾರಗಟ್ಟಲೆ ಕಾಯಬೇಕು, ನೀರಿನ ಕಲ್ಚರ್ ಮತ್ತೆ ಮತ್ತೆ ಸೊನ್ನೆ ಬರುವವರೆಗೆ. ಐಸಿಯು ಬಿಲ್ಲು ಬೆಳೆಯುತ್ತದೆ, ಜೊತೆಗಿರುವ ಮಗನ ಬೋಟಿನ ಕೆಲಸ ಕೈಬಿಡುತ್ತದೆ.

ಎಲ್ಲ ಸುಸೂತ್ರವಾದರೆ ಪೈಪು ಎಳೆದು, ತೂತಿಗೆ ಒಂದು ಹೊಲಿಗೆ ಹಾಕಿ, ಕೆಲವು ದಿನ ನೋಡಿ ಮನೆಗೆ ಕಳಿಸುತ್ತಾರೆ. ಹೊಲಿಗೆ ಬಿಚ್ಚಿಸಲು ಕುಂದಾಪುರಕ್ಕೆ ಹೋದರೂ ನಡೆಯುತ್ತದೆ. ಅಷ್ಟರೊಳಗೆ ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಒದ್ದೆ ಕಂಡರೆ, ಜ್ವರ ಬಂದರೆ, ಮತ್ತೆ ವಾಂತಿಯಾದರೆ ಮಾತ್ರ ನಡುವೆ ಎಲ್ಲೂ ನಿಲ್ಲದೆ ಪೈಪು ಹಾಕಿದ ಆಸ್ಪತ್ರೆಗೇ, ಡಿಸ್ಚಾರ್ಜ್ ಚೀಟಿ ಹಿಡಿದುಕೊಂಡು.